ಆರೋಗ್ಯ ಪ್ರಶ್ನೋತ್ತರ: ತಿಂಗಳ ಶುಲ್ಕ ಕೊಟ್ಟು ಕಾಣುವ ವೈದ್ಯರು

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಲ್ಲಿ ಹರಡುತ್ತಿರುವ ‘ಡೈರೆಕ್ಟ್ ಪ್ರೈಮರಿ ಕೇರ್’ ಕ್ಲಿನಿಕ್‌ಗಳನ್ನು ಕುರಿತವು. ಹೀಗಾಗಿ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಖಾಸಗಿತನದ ದೃಷ್ಟಿಯಿಂದ ಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯ ವೈದ್ಯರೇ, ನಾನು ಕಂಪನಿಯ ವಿಮೆಯಡಿ ಕಾಣುವ ವೈದ್ಯರು ಹತ್ತು ನಿಮಿಷ ಕಂಪ್ಯೂಟರ್ ನೋಡುತ್ತಾ ಮಾತಾಡಿ ಕಳಿಸಿಬಿಡುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ತಿಂಗಳಿಗಿಷ್ಟು ಎಂದು ಶುಲ್ಕ ಕೊಡುವ ಕ್ಲಿನಿಕ್ ಸೇರಿದ್ದಾರೆ. ಅವರ ವೈದ್ಯರ ಮೊಬೈಲ್ ಸಂಖ್ಯೆಯೇ ಅವರ ಬಳಿ ಇದೆಯಂತೆ. ವಿಮೆಗೆ ಪ್ರತಿ ತಿಂಗಳೂ ಸಂಬಳದಿಂದ ಹಣ ಹೋಗುತ್ತಿರುವಾಗ ಇನ್ನೊಂದು ಶುಲ್ಕ ಏಕೆ? ಇದು ಏನು ವ್ಯವಸ್ಥೆ? — ಡಲ್ಲಾಸ್‌ನಿಂದ ಓದುಗರೊಬ್ಬರು

ಉತ್ತರ: ವ್ಯವಸ್ಥೆ ಸರಳವಾದದ್ದು. ನೀವು ಕ್ಲಿನಿಕ್‌ಗೆ ನೇರವಾಗಿ ತಿಂಗಳ ಶುಲ್ಕ ಕೊಡುತ್ತೀರಿ. ವಯಸ್ಕರಿಗೆ ಸಾಮಾನ್ಯವಾಗಿ ಅದು 50ರಿಂದ 150 ಡಾಲರ್‌ಗಳ ನಡುವೆ ಇರುತ್ತದೆ, ಮಕ್ಕಳಿಗೆ ಕಡಿಮೆ, ವಯಸ್ಸಾದವರಿಗೆ ತುಸು ಹೆಚ್ಚು. ಆ ಶುಲ್ಕದಲ್ಲಿ ವೈದ್ಯರ ಭೇಟಿ, ಫೋನ್ ಮತ್ತು ಸಂದೇಶಗಳ ಮೂಲಕ ಸಲಹೆ, ಗಾಯಕ್ಕೆ ಹೊಲಿಗೆ ಹಾಕುವುದು, ಇಸಿಜಿ ತೆಗೆಯುವುದು ಮುಂತಾದ ಸಣ್ಣಪುಟ್ಟ ಚಿಕಿತ್ಸೆಗಳು ಸೇರಿರುತ್ತವೆ. ಭೇಟಿಯ ಲೆಕ್ಕದಲ್ಲಿ ಬೇರೆ ಬಿಲ್ ಬರುವುದಿಲ್ಲ. ರಕ್ತಪರೀಕ್ಷೆಗಳನ್ನು ಪ್ರಯೋಗಾಲಯದ ಜೊತೆ ಕ್ಲಿನಿಕ್ ಮಾಡಿಕೊಂಡ ಒಪ್ಪಂದದ ದರದಲ್ಲಿ ಮಾಡಿಸುತ್ತಾರೆ, ಮತ್ತು ಕಾನೂನು ಅವಕಾಶ ಕೊಡುವ ರಾಜ್ಯಗಳಲ್ಲಿ ಸಾಮಾನ್ಯ ಜೆನೆರಿಕ್ ಮಾತ್ರೆಗಳನ್ನು ಸಗಟು ಬೆಲೆಗೆ ಹತ್ತಿರದ ದರದಲ್ಲಿ ಕ್ಲಿನಿಕ್‌ನಲ್ಲಿಯೇ ಕೊಡುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾದ ಅಂಶವೆಂದರೆ, ಈ ವೈದ್ಯರು ವಿಮಾ ಕಂಪನಿಗೆ ಯಾವ ಬಿಲ್ಲನ್ನೂ ಕಳಿಸುವುದಿಲ್ಲ.

ನಿಮ್ಮ ವೈದ್ಯರು ಕಂಪ್ಯೂಟರ್ ನೋಡುವುದು ನಿಮ್ಮ ಮೇಲಿನ ಅಸಡ್ಡೆಯಿಂದಲ್ಲ ಎಂಬುದನ್ನು ಅವರ ಪರವಾಗಿಯೂ ಹೇಳಬೇಕು. ವಿಮೆಯ ವ್ಯವಸ್ಥೆಯಲ್ಲಿ ಪ್ರತಿ ಭೇಟಿಗೂ ರೋಗದ ಕೋಡ್, ಸೇವೆಯ ಕೋಡ್, ಆ ಕೋಡ್‌ಗಳನ್ನು ಸಮರ್ಥಿಸುವ ಟಿಪ್ಪಣಿ ಎಲ್ಲವೂ ಬೇಕು. ಅವು ಸರಿಯಿಲ್ಲದಿದ್ದರೆ ಹಣ ಬರುವುದಿಲ್ಲ. ಕೆಲವು ಔಷಧಿಗಳಿಗೂ ಸ್ಕ್ಯಾನ್‌ಗಳಿಗೂ ಮೊದಲೇ ವಿಮಾ ಕಂಪನಿಯ ಒಪ್ಪಿಗೆ ಪಡೆಯಬೇಕು. ಇಷ್ಟನ್ನು ಮಾಡಲು ಕ್ಲಿನಿಕ್‌ನಲ್ಲಿ ಪ್ರತ್ಯೇಕ ಸಿಬ್ಬಂದಿ ಇರಬೇಕು, ಅವರ ಸಂಬಳ ಹುಟ್ಟಲು ಹೆಚ್ಚು ರೋಗಿಗಳನ್ನು ನೋಡಬೇಕು, ಹೆಚ್ಚು ರೋಗಿಗಳನ್ನು ನೋಡಲು ಪ್ರತಿಯೊಬ್ಬರ ಸಮಯವನ್ನು ಕತ್ತರಿಸಬೇಕು. ನೇರ ಶುಲ್ಕದ ಕ್ಲಿನಿಕ್ ಈ ಸರಪಳಿಯ ಮೊದಲ ಕೊಂಡಿಯನ್ನೇ ಕಳಚಿಬಿಡುತ್ತದೆ.

ಇದು ತೀರಾ ಹೊಸದೂ ಅಲ್ಲ. ಸಿಯಾಟಲ್‌ನಲ್ಲಿ ಡಾ. ಗ್ಯಾರಿಸನ್ ಬ್ಲಿಸ್ ಮೊದಲಾದವರು 1990ರ ದಶಕದ ಕೊನೆಯಿಂದಲೇ ಈ ದಾರಿಯಲ್ಲಿ ಪ್ರಯೋಗ ನಡೆಸಿದ್ದರು. 2007ರಲ್ಲಿ ವಾಷಿಂಗ್ಟನ್ ರಾಜ್ಯವು ಇಂಥ ಕ್ಲಿನಿಕ್‌ಗಳಿಗೆಂದೇ ಕಾನೂನು ಮಾಡಿತು. ಈಗ 30ಕ್ಕೂ ಹೆಚ್ಚು ರಾಜ್ಯಗಳ ಕಾನೂನಿನಲ್ಲಿ ‘ಇದು ವಿಮೆಯಲ್ಲ’ ಎಂಬ ಸ್ಪಷ್ಟನೆ ಇದೆ. ಆ ಸ್ಪಷ್ಟನೆಯಿಂದ ಕ್ಲಿನಿಕ್‌ಗೆ ವಿಮಾ ಇಲಾಖೆಯ ಕಟ್ಟುಪಾಡುಗಳಿಂದ ರಕ್ಷಣೆ ಸಿಗುತ್ತದೆ. ಅದೇ ಹೊತ್ತಿಗೆ ನಿಮಗೆ ಅದೊಂದು ಎಚ್ಚರಿಕೆಯೂ ಹೌದು. ಮುಂದಿನ ಪ್ರಶ್ನೆಗಳಲ್ಲಿ ಆ ಮಾತು ಮತ್ತೆ ಬರುತ್ತದೆ.

ಪ್ರಶ್ನೆ: ‘ನಿಮ್ಮನ್ನು ಹೆಸರಿನಿಂದ ಬಲ್ಲ ವೈದ್ಯರು’, ‘ವೈಯಕ್ತಿಕ ಆರೈಕೆ’ ಎಂದೆಲ್ಲ ಇಂಥ ಕ್ಲಿನಿಕ್‌ಗಳು ಜಾಹೀರಾತು ಕೊಡುತ್ತವೆ. ಇದು ಬರಿಯ ನಯವಾದ ಮಾತೋ, ಚಿಕಿತ್ಸೆಯಲ್ಲಿ ನಿಜವಾಗಿ ವ್ಯತ್ಯಾಸ ಕಾಣುತ್ತದೆಯೋ? ನನಗೆ ರಕ್ತದೊತ್ತಡವಿದೆ, ಎರಡು ಮಾತ್ರೆ ತೆಗೆದುಕೊಂಡರೂ ಹತೋಟಿಗೆ ಬಂದಿಲ್ಲ. — ನ್ಯೂಜೆರ್ಸಿಯಿಂದ ಓದುಗರೊಬ್ಬರು

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದು. ಯಾವ ಕ್ಲಿನಿಕ್ ತಾನೇ ತನ್ನ ವೈದ್ಯರು ರೋಗಿಗಳನ್ನು ಪ್ರೀತಿಯಿಂದ ಕಾಣುವುದಿಲ್ಲ ಎಂದು ಹೇಳಿಕೊಂಡೀತು? ಆದ್ದರಿಂದ ವೈದ್ಯರ ಒಳ್ಳೆಯತನದ ಮಾತನ್ನು ಪಕ್ಕಕ್ಕಿಟ್ಟು ಲೆಕ್ಕವನ್ನು ನೋಡೋಣ.

ಸಾಮಾನ್ಯ ಪ್ರಾಥಮಿಕ ವೈದ್ಯರೊಬ್ಬರ ಪಟ್ಟಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಿರುತ್ತಾರೆ. ಲೆಕ್ಕಕ್ಕೆಂದು 2,400 ಎನ್ನೋಣ, ಒಬ್ಬೊಬ್ಬರೂ ವರ್ಷಕ್ಕೆ ಮೂರು ಬಾರಿ ಬರುತ್ತಾರೆ ಎಂದುಕೊಳ್ಳೋಣ. ವರ್ಷಕ್ಕೆ 7,200 ಭೇಟಿಗಳಾದವು. ಕೆಲಸದ ದಿನಗಳು 240 ಎಂದರೆ ದಿನಕ್ಕೆ 30 ರೋಗಿಗಳು. ಎಂಟು ಗಂಟೆ ಎಡೆಬಿಡದೆ ಕೂತರೂ ತಲೆಗೆ 16 ನಿಮಿಷ, ಅದರಲ್ಲೇ ಟಿಪ್ಪಣಿ ಬರೆಯುವುದೂ ಸೇರಿತು. ನೇರ ಶುಲ್ಕದ ವೈದ್ಯರ ಪಟ್ಟಿಯಲ್ಲಿ ಸಾಮಾನ್ಯವಾಗಿ 400ರಿಂದ 800 ಮಂದಿ. 600 ಎಂದಿಟ್ಟುಕೊಂಡು, ಸುಲಭವಾಗಿ ಸಿಗುತ್ತಾರೆಂದು ಎಲ್ಲರೂ ಮೂರರ ಬದಲು ನಾಲ್ಕು ಬಾರಿ ಬಂದರೂ ದಿನಕ್ಕೆ 10 ಮಂದಿ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗಿನ ಭೇಟಿ ಹೇಗೆ ಸಾಧ್ಯವಾಗುತ್ತದೆ ಎಂಬುದಕ್ಕೆ ಇದೇ ಉತ್ತರ. ಅದೇ ವೈದ್ಯರನ್ನು ಕರೆದುಕೊಂಡು ಹೋಗಿ 2,400 ರೋಗಿಗಳ ಪಟ್ಟಿಯ ಮುಂದೆ ಕೂರಿಸಿದರೆ ಒಂದೇ ವಾರದಲ್ಲಿ ಅವರೂ ಕಂಪ್ಯೂಟರ್ ನೋಡುತ್ತಾ ಮಾತಾಡಲು ತೊಡಗುತ್ತಾರೆ.

ಸಮಯ ಸಾಲದಾದಾಗ ಮೊದಲು ಕತ್ತರಿ ಬೀಳುವುದು ರೋಗಿಯ ಮಾತಿಗೆ. ರೋಗಿ ತನ್ನ ತೊಂದರೆ ಹೇಳಲು ಆರಂಭಿಸಿದ ಎಷ್ಟು ಹೊತ್ತಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಾರೆ ಎಂಬುದನ್ನು 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು ಧ್ವನಿಮುದ್ರಣಗಳಿಂದ ಅಳೆದು, ಸರಾಸರಿ 18 ಸೆಕೆಂಡು ಎಂದು ಹೇಳಿದರು. 2018ರಲ್ಲಿ ಪ್ರಕಟವಾದ ಇಂಥದ್ದೇ ಅಧ್ಯಯನದಲ್ಲಿ ಅದು ಸುಮಾರು 11 ಸೆಕೆಂಡಿಗೆ ಇಳಿದಿತ್ತು. ಇನ್ನೊಂದು ಕಡೆಯಿಂದ ನೋಡಿದರೆ, 2,500 ರೋಗಿಗಳಿಗೆ ಮಾರ್ಗಸೂಚಿಗಳು ಹೇಳುವ ಎಲ್ಲ ಆರೈಕೆಯನ್ನೂ ವೈದ್ಯರೊಬ್ಬರೇ ಕೊಡಬೇಕಾದರೆ ದಿನಕ್ಕೆ 26.7 ಗಂಟೆ ಬೇಕಾಗುತ್ತದೆ ಎಂದು ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2022ರಲ್ಲಿ ಲೆಕ್ಕ ಹಾಕಿತು. ದಿನಕ್ಕಿರುವುದೇ 24 ಗಂಟೆ.

ಈಗ ನಿಮ್ಮ ರಕ್ತದೊತ್ತಡದ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಪರೀಕ್ಷಿಸದೆ ಕಾರಣ ಹೇಳುವುದು ತಪ್ಪಾಗುತ್ತದೆ. ಆದರೆ ಇಂಥ ಸಂದರ್ಭದಲ್ಲಿ ಬಿಡುವಾದ ಭೇಟಿಯೊಂದು ಏನು ಮಾಡಬಲ್ಲದು ಎಂಬುದನ್ನು ಕಲ್ಪಿತ ಉದಾಹರಣೆಯೊಂದರಿಂದ ತೋರಿಸಬಹುದು. ಐವತ್ತೈದರ ಮಹಿಳೆಯೊಬ್ಬರು ಲಿಸಿನೊಪ್ರಿಲ್ ಮತ್ತು ಹೈಡ್ರೊಕ್ಲೋರೋಥಯಜೈಡ್ ಎಂಬ ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಒತ್ತಡ ಮಾತ್ರ ಇಳಿಯುತ್ತಿಲ್ಲ. ಹದಿನೈದು ನಿಮಿಷದ ಭೇಟಿಯಲ್ಲಿ ಅಂಕಿ ನೋಡಿ ಮೂರನೆಯ ಮಾತ್ರೆ ಬರೆದುಕೊಡುವುದೇ ಹೆಚ್ಚಾಗಿ ಆಗುವ ಕೆಲಸ. ಸಮಯವಿರುವ ವೈದ್ಯರು ‘ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ’ ಎಂದಿರುತ್ತಾರೆ. ಡಬ್ಬಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಡುವಾಗ ವಿಟಮಿನ್ ಗುಳಿಗೆಗಳ ನಡುವಿನಿಂದ, ಅರ್ಧಕ್ಕಿಂತ ಹೆಚ್ಚು ಖಾಲಿಯಾದ ಇಬುಪ್ರೊಫೆನ್‌ನ ದೊಡ್ಡ ಡಬ್ಬಿಯೊಂದು ಹೊರಬರುತ್ತದೆ. ‘ಇದು ಔಷಧಿಯಲ್ಲ ಡಾಕ್ಟ್ರೇ, ಮಂಡಿನೋವಿಗೆ ನಾನೇ ತಂದುಕೊಂಡದ್ದು, ಬೆಳಿಗ್ಗೆ ಒಂದು, ರಾತ್ರಿ ಒಂದು’ ಎನ್ನುತ್ತಾರೆ ಅವರು. ಆ ನೋವಿನ ಮಾತ್ರೆ ರಕ್ತದೊತ್ತಡವನ್ನು ಏರಿಸುತ್ತದೆ, ಉಳಿದೆರಡು ಮಾತ್ರೆಗಳ ಪರಿಣಾಮವನ್ನು ತಗ್ಗಿಸುತ್ತದೆ, ಆ ಮೂರೂ ಕೂಡಿದರೆ ಮೂತ್ರಪಿಂಡಕ್ಕೂ ಅಪಾಯ ತರಬಲ್ಲದು. ಇಲ್ಲಿ ಬೇಕಾಗಿರುವುದು ಮೂರನೆಯ ಮಾತ್ರೆಯಲ್ಲ. ಮಂಡಿಯ ಪರೀಕ್ಷೆ, ನೋವಿಗೆ ಬೇರೆ ದಾರಿ, ಮೂತ್ರಪಿಂಡದ ಒಂದು ರಕ್ತಪರೀಕ್ಷೆ, ಮತ್ತು ಎರಡು ವಾರ ಮನೆಯಲ್ಲೇ ಒತ್ತಡ ಅಳೆದು ವೈದ್ಯರಿಗೆ ಸಂದೇಶ ಕಳಿಸುವುದು.

ಆ ಕೊನೆಯ ಅಂಶವೂ ಮುಖ್ಯ. ವೈದ್ಯರ ಸಂದೇಶಕ್ಕೆ ವಿಮೆಯಿಂದ ಹಣ ಹುಟ್ಟುವುದು ಕಷ್ಟವಾಗಿರುವಲ್ಲಿ, ಎರಡು ನಿಮಿಷದ ಉತ್ತರಕ್ಕಾಗಿಯೂ ರೋಗಿ ಅರ್ಧ ದಿನದ ರಜೆ ಹಾಕಿ ಬರಬೇಕಾಗುತ್ತದೆ. ತಿಂಗಳ ಶುಲ್ಕದಲ್ಲಿ ಭೇಟಿಗೂ ಸಂದೇಶಕ್ಕೂ ಒಂದೇ ಬೆಲೆಯಾದ್ದರಿಂದ ಯಾವುದು ಅನುಕೂಲವೋ ಅದನ್ನೇ ವೈದ್ಯರು ಆರಿಸಿಕೊಳ್ಳಬಹುದು. ಇನ್ನೊಂದು ಸಂಗತಿಯನ್ನು ಎಲ್ಲ ವೈದ್ಯರೂ ಬಲ್ಲರು: ರೋಗಿ ಎದ್ದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ‘ಅಂದ ಹಾಗೆ...’ ಎಂದು ಆರಂಭಿಸುವ ಮಾತೇ ಎಷ್ಟೋ ಸಲ ಅವರು ಬಂದ ನಿಜವಾದ ಕಾರಣವಾಗಿರುತ್ತದೆ. ನಿದ್ದೆ ಬಾರದಿರುವುದು, ಎದೆಯಲ್ಲಿ ಕೈಗೆ ಸಿಕ್ಕ ಗಂಟು, ಮದುವೆಯೊಳಗಿನ ಕಷ್ಟ ಇವೆಲ್ಲ ಹೊರಬರುವುದು ಆಗಲೇ. ಮುಂದಿನ ರೋಗಿ ಕಾದು ಕುಳಿತಿದ್ದರೆ ಆ ಮಾತು ‘ಮುಂದಿನ ಸಲ ನೋಡೋಣ’ ಎಂಬಲ್ಲಿಗೆ ಮುಗಿಯುತ್ತದೆ.

ಒಬ್ಬರೇ ವೈದ್ಯರನ್ನು ಬಹುಕಾಲ ಕಾಣುವುದರಿಂದ ಆರೋಗ್ಯ ನಿಜಕ್ಕೂ ಸುಧಾರಿಸುತ್ತದೆಯೇ ಎಂಬುದಕ್ಕೆ ಅಮೆರಿಕದ ಹೊರಗೆ ಒಳ್ಳೆಯ ಪುರಾವೆ ಇದೆ. ನಾರ್ವೆಯಲ್ಲಿ ಲಕ್ಷಾಂತರ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರ ಪ್ರಕಾರ, 15 ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಕುಟುಂಬ ವೈದ್ಯರನ್ನು ಕಂಡವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗಿಂತ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು 28 ಶೇಕಡಾ ಕಡಿಮೆಯಿತ್ತು, ಸಾವಿನ ಸಾಧ್ಯತೆ ಸುಮಾರು 25 ಶೇಕಡಾ ಕಡಿಮೆಯಿತ್ತು. ಆದರೆ ಗಮನಿಸಿ, ನಾರ್ವೆಯಲ್ಲಿರುವುದು ಸರ್ಕಾರಿ ವ್ಯವಸ್ಥೆ, ತಿಂಗಳ ಶುಲ್ಕದ ಕ್ಲಿನಿಕ್ ಅಲ್ಲ. ಆ ಅಧ್ಯಯನ ಬೆಂಬಲಿಸುವುದು ದೀರ್ಘ ಪರಿಚಯವನ್ನು. ಶುಲ್ಕ ಕೊಟ್ಟು ಸೇರಿದವರು ವರ್ಷಕ್ಕೊಮ್ಮೆ ಕ್ಲಿನಿಕ್ ಬದಲಾಯಿಸಿದರೆ ಆ ಫಲ ಅವರಿಗೆ ಸಿಗುವುದಿಲ್ಲ.

ಪ್ರಶ್ನೆ: ನಾನು ಸ್ವಂತ ಉದ್ಯೋಗ ಮಾಡುವ ಮೂವತ್ತರ ಯುವಕ, ಆರೋಗ್ಯವಾಗಿದ್ದೇನೆ. ಇಂಥ ಕ್ಲಿನಿಕ್ ಸೇರಿ ವಿಮೆಯನ್ನು ಕೈಬಿಟ್ಟರೆ ಸಾಕಷ್ಟು ಉಳಿತಾಯವಾಗುತ್ತದಲ್ಲವೇ? — ಓಹಾಯೋದಿಂದ ಓದುಗರೊಬ್ಬರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ, ರಸ್ತೆ ಅಪಘಾತ, ಕ್ಯಾನ್ಸರ್ ಚಿಕಿತ್ಸೆ ಇವು ಯಾವುವೂ ತಿಂಗಳ ಶುಲ್ಕದೊಳಗೆ ಬರುವುದಿಲ್ಲ. ಆಸ್ಪತ್ರೆಯ ಒಂದೇ ಒಂದು ಬಿಲ್ ನಿಮ್ಮ ವರ್ಷಗಳ ಉಳಿತಾಯವನ್ನು ನುಂಗಿ ಹಾಕಬಲ್ಲದು. 1986ರ ಕೇಂದ್ರ ಕಾನೂನಿನ ಪ್ರಕಾರ ತುರ್ತು ಚಿಕಿತ್ಸಾ ವಿಭಾಗವು ಹಣವಿಲ್ಲವೆಂದು ನಿಮ್ಮನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವಂತಿಲ್ಲ ಎಂಬುದು ನಿಜ, ಆದರೆ ಆಮೇಲೆ ಬಿಲ್ ಕಳಿಸುವುದನ್ನು ಆ ಕಾನೂನು ತಡೆಯುವುದಿಲ್ಲ. ಈ ಕ್ಲಿನಿಕ್‌ಗಳು ಚೆನ್ನಾಗಿ ಹೊಂದುವುದು ದೊಡ್ಡ ಖರ್ಚಿಗೆ ಮಾತ್ರ ಆಗಿಬರುವ, ಡಿಡಕ್ಟಿಬಲ್ (ವಿಮೆ ಹಣ ಕೊಡಲು ತೊಡಗುವ ಮೊದಲು ನೀವೇ ಭರಿಸಬೇಕಾದ ಮೊತ್ತ) ಹೆಚ್ಚಿರುವ, ಪ್ರೀಮಿಯಂ ಕಡಿಮೆಯಿರುವ ವಿಮೆಯ ಜೊತೆಗೆ. ದಿನನಿತ್ಯದ ಆರೈಕೆಗೆ ಕ್ಲಿನಿಕ್, ಅನಾಹುತಕ್ಕೆ ವಿಮೆ ಎಂದು ಹಂಚಿಕೊಳ್ಳಿ.

ಪ್ರಶ್ನೆ: ನನ್ನ ಕಂಪನಿಯ ವಿಮೆ ಹೆಚ್ಚು ಡಿಡಕ್ಟಿಬಲ್‌ನದು, ಜೊತೆಗೆ ಎಚ್‌ಎಸ್‌ಎ (ತೆರಿಗೆ ರಿಯಾಯಿತಿಯ ಆರೋಗ್ಯ ಉಳಿತಾಯ) ಖಾತೆ ಇದೆ. ಡೈರೆಕ್ಟ್ ಪ್ರೈಮರಿ ಕೇರ್ ಸೇರಿದರೆ ಆ ಖಾತೆಗೆ ಹಣ ಹಾಕುವಂತಿಲ್ಲ ಎಂದು ಕೆಲವು ವರ್ಷಗಳ ಹಿಂದೆ ಕೇಳಿದ್ದೆ. ಈಗಲೂ ಹಾಗೆಯೇ? — ನಾರ್ತ್ ಕೆರೊಲಿನಾದಿಂದ ಓದುಗರೊಬ್ಬರು

ಉತ್ತರ: ನೀವು ಕೇಳಿದ್ದು ಆಗ ಸರಿಯಾಗಿಯೇ ಇತ್ತು. ತಿಂಗಳ ಶುಲ್ಕದ ಸದಸ್ಯತ್ವವನ್ನು ತೆರಿಗೆ ಇಲಾಖೆಯು ಇನ್ನೊಂದು ಆರೋಗ್ಯ ಯೋಜನೆ ಎಂದು ಎಣಿಸುತ್ತಿದ್ದುದರಿಂದ, ಆರೋಗ್ಯ ಉಳಿತಾಯ ಖಾತೆಗೆ ಹಣ ಹಾಕುವ ಅರ್ಹತೆ ತಪ್ಪಿಹೋಗುತ್ತಿತ್ತು. ಡಿಡಕ್ಟಿಬಲ್ ಹೆಚ್ಚಿರುವವರಿಗೇ ಈ ಕ್ಲಿನಿಕ್ ಹೆಚ್ಚು ಉಪಯುಕ್ತ, ಅವರಿಗೇ ಕಾನೂನಿನ ತೊಡಕು ಎಂಬ ವಿಚಿತ್ರ ಪರಿಸ್ಥಿತಿ ವರ್ಷಗಟ್ಟಲೆ ನಡೆಯಿತು.

2025ರ ಜುಲೈ 4ರಂದು ಸಹಿಯಾದ ಕೇಂದ್ರ ಕಾನೂನು ಇದನ್ನು ಬದಲಿಸಿದೆ. 2026ರ ಜನವರಿ 1ರಿಂದ, ಶುಲ್ಕ ಒಬ್ಬರಿಗೆ ತಿಂಗಳಿಗೆ 150 ಡಾಲರ್, ಒಬ್ಬರಿಗಿಂತ ಹೆಚ್ಚು ಮಂದಿ ಸೇರಿದ ಸದಸ್ಯತ್ವಕ್ಕೆ 300 ಡಾಲರ್ ಮೀರದಿದ್ದರೆ ಎಚ್‌ಎಸ್‌ಎ ಅರ್ಹತೆಗೆ ಧಕ್ಕೆಯಿಲ್ಲ. ಆ ಶುಲ್ಕವನ್ನು ಅದೇ ಖಾತೆಯ ಹಣದಿಂದ ಕಟ್ಟಲೂಬಹುದು. ಆದರೆ ಶುಲ್ಕದೊಳಗೆ ಕೊಡುವುದು ಪ್ರಾಥಮಿಕ ಚಿಕಿತ್ಸೆ ಮಾತ್ರವಾಗಿರಬೇಕು: ಪೂರ್ಣ ಅರಿವಳಿಕೆ ಬೇಕಾಗುವ ಚಿಕಿತ್ಸೆಗಳು, ಲಸಿಕೆಗಳನ್ನು ಬಿಟ್ಟು ಬೇರೆ ಔಷಧಿಗಳು, ಪ್ರಾಥಮಿಕ ಕ್ಲಿನಿಕ್‌ನಲ್ಲಿ ಸಾಮಾನ್ಯವಾಗಿ ಮಾಡದ ಪ್ರಯೋಗಾಲಯ ಪರೀಕ್ಷೆಗಳು ಅದರಲ್ಲಿ ಸೇರಿರುವಂತಿಲ್ಲ. ‘ಮಾತ್ರೆಗಳೂ ಶುಲ್ಕದಲ್ಲೇ ಉಚಿತ’ ಎನ್ನುವ ಕ್ಲಿನಿಕ್ ನಿಮ್ಮ ಖಾತೆಗೆ ತೊಂದರೆ ತರಬಹುದು ಎಂಬುದು ಈ ಷರತ್ತಿನ ಪರಿಣಾಮ. ಆದ್ದರಿಂದ ಒಪ್ಪಂದಪತ್ರವನ್ನು ನಿಮ್ಮ ತೆರಿಗೆ ಸಲಹೆಗಾರರಿಗೆ ಒಮ್ಮೆ ತೋರಿಸಿ. ಲೆಕ್ಕಕ್ಕೆ ಬೇಕಿದ್ದರೆ, 2026ರಲ್ಲಿ ಹೆಚ್ಚು ಡಿಡಕ್ಟಿಬಲ್‌ನ ವಿಮೆ ಎನಿಸಿಕೊಳ್ಳಲು ಒಬ್ಬರಿಗೆ ಕನಿಷ್ಠ 1,700, ಕುಟುಂಬಕ್ಕೆ 3,400 ಡಾಲರ್ ಡಿಡಕ್ಟಿಬಲ್ ಇರಬೇಕು, ಮತ್ತು ಖಾತೆಗೆ ಹಾಕಬಹುದಾದ ಗರಿಷ್ಠ ಮೊತ್ತ ಕ್ರಮವಾಗಿ 4,400 ಮತ್ತು 8,750 ಡಾಲರ್. ಸರ್ಕಾರಿ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳುವ ಸ್ವಂತ ಉದ್ಯೋಗಿಗಳಿಗೂ ಒಂದು ಅನುಕೂಲವಾಗಿದೆ. ಅಲ್ಲಿಯ ಬ್ರಾಂಜ್ ಯೋಜನೆಗಳನ್ನು (ಪ್ರೀಮಿಯಂ ಕಡಿಮೆ, ಡಿಡಕ್ಟಿಬಲ್ ಹೆಚ್ಚು ಇರುವವು) 2026ರಿಂದ ಎಚ್‌ಎಸ್‌ಎಗೆ ಹೊಂದುವ ಯೋಜನೆಗಳೆಂದೇ ಪರಿಗಣಿಸಲಾಗುತ್ತದೆ.

ಪ್ರಶ್ನೆ: ನಮ್ಮ ತಾಯಿಯವರಿಗೆ 71 ವರ್ಷ, ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಇದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎರಡೂ ಇವೆ. ಅವರನ್ನು ಇಂಥ ಕ್ಲಿನಿಕ್‌ಗೆ ಸೇರಿಸಬಹುದೇ? ಹಾಗೆಯೇ, ಆರು ತಿಂಗಳ ವೀಸಾದಲ್ಲಿ ಬರಲಿರುವ ಅತ್ತೆ–ಮಾವನವರಿಗೂ ಇದು ಅನುಕೂಲವಾದೀತೇ? — ಕ್ಯಾಲಿಫೋರ್ನಿಯಾದಿಂದ ಓದುಗರೊಬ್ಬರು

ಉತ್ತರ: ತಾಯಿಯವರನ್ನು ಸೇರಿಸಬಹುದು, ಆದರೆ ಮೆಡಿಕೇರ್‌ನ ನಿಯಮ ಇಲ್ಲಿ ಬಹಳ ಬಿಗಿ. ಮೆಡಿಕೇರ್ ಒಳಗಿರುವ ವೈದ್ಯರು, ಮೆಡಿಕೇರ್ ಭರಿಸುವ ಸೇವೆಗೆ ರೋಗಿಯಿಂದ ಪ್ರತ್ಯೇಕ ಶುಲ್ಕ ಪಡೆಯುವಂತಿಲ್ಲ. ಆದ್ದರಿಂದ ಡೈರೆಕ್ಟ್ ಪ್ರೈಮರಿ ಕೇರ್ ವೈದ್ಯರು ಎರಡು ವರ್ಷಗಳ ಅವಧಿಗೆ ಮೆಡಿಕೇರ್‌ನಿಂದ ಹೊರಗುಳಿಯುವುದಾಗಿ ಪ್ರಮಾಣಪತ್ರ ಸಲ್ಲಿಸಿರಬೇಕು, ಮತ್ತು ನಿಮ್ಮ ತಾಯಿಯವರ ಜೊತೆ ಲಿಖಿತ ಖಾಸಗಿ ಒಪ್ಪಂದ ಮಾಡಿಕೊಳ್ಳಬೇಕು. ಆ ವೈದ್ಯರ ಶುಲ್ಕವನ್ನು ಮೆಡಿಕೇರ್‌ನಿಂದ ಮರಳಿ ಕೇಳುವಂತಿಲ್ಲ. ಅವರು ಬರೆದುಕೊಟ್ಟ ರಕ್ತಪರೀಕ್ಷೆ, ಸ್ಕ್ಯಾನ್, ಹೃದ್ರೋಗ ತಜ್ಞರ ಭೇಟಿ, ಆಸ್ಪತ್ರೆಯ ದಾಖಲಾತಿ ಇವುಗಳಿಗೆ ಮಾತ್ರ ಮೆಡಿಕೇರ್ ಎಂದಿನಂತೆ ಹಣ ಕೊಡುತ್ತದೆ. ಬಹಳ ಜನರಿಗೆ ಈ ಎರಡನೆಯ ಅಂಶ ತಿಳಿದಿಲ್ಲದೆ ಸುಮ್ಮನೆ ಹೆದರುತ್ತಾರೆ. ಹೊಸದಾಗಿ ಕ್ಲಿನಿಕ್ ತೆರೆದ ಕೆಲವು ವೈದ್ಯರು ಆದಾಯಕ್ಕಾಗಿ ಬೇರೆ ಆಸ್ಪತ್ರೆಯಲ್ಲೂ ಪಾಳಿ ಮಾಡುತ್ತಿರುತ್ತಾರೆ, ಅಲ್ಲಿ ಮೆಡಿಕೇರ್ ಬೇಕಾಗುವುದರಿಂದ ಹೊರಗುಳಿಯಲು ಆಗುವುದಿಲ್ಲ, ಹೀಗಾಗಿ ವಯಸ್ಸಾದವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಮೊದಲ ಫೋನ್ ಕರೆಯಲ್ಲೇ ಇದನ್ನು ಕೇಳಿಬಿಡಿ.

ನನ್ನ ಅಭಿಪ್ರಾಯದಲ್ಲಿ ಈ ವ್ಯವಸ್ಥೆಯಿಂದ ಅತಿ ಹೆಚ್ಚು ಪ್ರಯೋಜನ ಪಡೆಯುವವರು ತಾಯಿಯವರಂಥ, ಎರಡು ಮೂರು ಕಾಯಿಲೆಗಳು ಒಟ್ಟಿಗೆ ಇರುವ ಹಿರಿಯರು. ಸಕ್ಕರೆಗೆ ಒಬ್ಬರು, ಹೃದಯಕ್ಕೆ ಒಬ್ಬರು, ಕಣ್ಣಿಗೆ ಇನ್ನೊಬ್ಬರು ಎಂದು ತಜ್ಞರು ಹಂಚಿಹೋದಾಗ, ಎಲ್ಲರ ಮಾತ್ರೆಚೀಟಿಗಳನ್ನೂ ಒಂದೆಡೆ ಇಟ್ಟು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವವರು ಯಾರೂ ಇರುವುದಿಲ್ಲ.

ಅತ್ತೆ–ಮಾವನವರ ವಿಷಯದಲ್ಲಿ ಸ್ವಲ್ಪ ವಿಚಾರಿಸಬೇಕು. ಪ್ರವಾಸಿಗಳ ವಿಮೆಗಳು ಹೆಚ್ಚಾಗಿ ಹಳೆಯ ಕಾಯಿಲೆಗಳ ನಿಯಮಿತ ಆರೈಕೆಗೆ ಹಣ ಕೊಡುವುದಿಲ್ಲವಾದ್ದರಿಂದ, ರಕ್ತದೊತ್ತಡದ ಮಾತ್ರೆ ಮುಗಿದಾಗ, ಕೆಮ್ಮು ವಾರಗಟ್ಟಲೆ ಬಿಡದಿದ್ದಾಗ ಇಂಥ ಕ್ಲಿನಿಕ್ ತುಂಬ ಸಹಾಯಕ. ಕೆಲವು ಕ್ಲಿನಿಕ್‌ಗಳು ತಿಂಗಳ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತವೆ, ಕೆಲವು ಒಂದು ವರ್ಷದ ಕರಾರು ಕೇಳುತ್ತವೆ. ಪ್ರವಾಸಿ ವಿಮೆಯನ್ನಂತೂ ಬಿಡಬೇಡಿ. ಅವರು ಊರಿಗೆ ಮರಳಿದ ಮೇಲೆಯೂ ಇದೇ ವೈದ್ಯರು ವಿಡಿಯೊದಲ್ಲಿ ಚಿಕಿತ್ಸೆ ಮುಂದುವರಿಸುತ್ತಾರೆಂದು ಎಣಿಸಬೇಡಿ. ವೈದ್ಯರ ಪರವಾನಗಿ ರೋಗಿ ಇರುವ ಸ್ಥಳಕ್ಕೆ ಅನ್ವಯಿಸಬೇಕಾಗುತ್ತದೆ, ಅಮೆರಿಕದೊಳಗೇ ರಾಜ್ಯ ದಾಟಿದರೂ ಈ ಪ್ರಶ್ನೆ ಏಳುತ್ತದೆ.

ಪ್ರಶ್ನೆ: ಒಬ್ಬ ವೈದ್ಯರು 2,400 ರೋಗಿಗಳನ್ನು ಬಿಟ್ಟು 600 ಮಂದಿಯನ್ನು ಮಾತ್ರ ಇಟ್ಟುಕೊಂಡರೆ ಉಳಿದ 1,800 ಮಂದಿ ಎಲ್ಲಿಗೆ ಹೋಗಬೇಕು? ಇದು ಉಳ್ಳವರಿಗಾಗಿ ಮಾಡಿಕೊಂಡ ಏರ್ಪಾಡಲ್ಲವೇ? — ಮಿಷಿಗನ್‌ನಲ್ಲಿ ನರ್ಸ್ ಆಗಿರುವ ಓದುಗರೊಬ್ಬರು

ಉತ್ತರ: ಈ ವ್ಯವಸ್ಥೆಯನ್ನು ಮೆಚ್ಚುವವರು ತಪ್ಪಿಸಿಕೊಳ್ಳಲು ನೋಡುವ ಪ್ರಶ್ನೆಯಿದು. ಪ್ರಾಥಮಿಕ ವೈದ್ಯರ ಕೊರತೆ ಅಮೆರಿಕದಲ್ಲಿ ಈಗಾಗಲೇ ಇದೆ. ಪಟ್ಟಿ ಚಿಕ್ಕದಾದಷ್ಟೂ ಪಟ್ಟಿಯ ಹೊರಗಿನವರ ಕಾಯುವಿಕೆ ದೀರ್ಘವಾಗುತ್ತದೆ. ಬೇಸತ್ತು ವೃತ್ತಿಯನ್ನೇ ಬಿಡಲಿದ್ದ ವೈದ್ಯರು ಇದರಿಂದ ಉಳಿದುಕೊಳ್ಳುತ್ತಾರೆ, ವಿದ್ಯಾರ್ಥಿಗಳು ಕುಟುಂಬ ವೈದ್ಯಶಾಸ್ತ್ರದತ್ತ ಬರುತ್ತಾರೆ ಎಂಬ ಪ್ರತಿವಾದ ಇದೆ. ಅದರಲ್ಲಿ ತಿರುಳಿದ್ದರೂ, ಇಂದು ಬಾಗಿಲ ಹೊರಗೆ ನಿಂತ ರೋಗಿಗೆ ಅದು ಉತ್ತರವಾಗುವುದಿಲ್ಲ.

‘ಉಳ್ಳವರಿಗಾಗಿ’ ಎಂಬ ಮಾತನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. 1990ರ ದಶಕದಲ್ಲಿ ಸಿಯಾಟಲ್‌ನಲ್ಲೇ ಹುಟ್ಟಿದ ಕನ್ಸಿಯರ್ಜ್ ವೈದ್ಯಕೀಯ ಬೇರೆಯದು. ಅಲ್ಲಿ ವರ್ಷದ ಶುಲ್ಕ ಸಾವಿರಾರು ಡಾಲರ್, ಅನೇಕ ಕಡೆ ಅದರ ಮೇಲೆ ವಿಮೆಗೂ ಬಿಲ್ ಹೋಗುತ್ತದೆ. ಡೈರೆಕ್ಟ್ ಪ್ರೈಮರಿ ಕೇರ್ ಕ್ಲಿನಿಕ್‌ಗಳಲ್ಲಿ ತಿಂಗಳಿಗೆ 75 ಡಾಲರ್ ಕೊಡುವವರಲ್ಲಿ ಬಡಗಿಗಳು, ಟ್ರಕ್ ಚಾಲಕರು, ಸಣ್ಣ ಅಂಗಡಿಯವರು, ವಿಮೆಯೇ ಇಲ್ಲದವರು ಇರುತ್ತಾರೆ. ಸಣ್ಣ ಉದ್ಯಮಗಳ ಮಾಲೀಕರು ನೌಕರರ ಪರವಾಗಿ ಶುಲ್ಕ ಕಟ್ಟುವುದೂ ಹೆಚ್ಚುತ್ತಿದೆ. ಹಾಗಿದ್ದರೂ ಆ 75 ಡಾಲರ್ ಕೊಡಲಾಗದ ಕುಟುಂಬಗಳಿವೆ. ಅವರಿಗೆ ಸರ್ಕಾರದ ನೆರವಿನ ಸಮುದಾಯ ಆರೋಗ್ಯ ಕೇಂದ್ರಗಳೇ ಗತಿ, ಆ ಕೇಂದ್ರಗಳ ವೈದ್ಯರ ಪಟ್ಟಿ ಚಿಕ್ಕದಾಗುವ ಲಕ್ಷಣ ನನಗೆ ಕಾಣುತ್ತಿಲ್ಲ.

ಖರ್ಚು ಇಳಿಯುತ್ತದೆ ಎಂಬ ಪ್ರಚಾರವನ್ನೂ ಅಳೆದು ತೂಗಿಯೇ ಒಪ್ಪಬೇಕು. ವಿಮಾ ಗಣಿತಜ್ಞರ ಸಂಘವಾದ ಸೊಸೈಟಿ ಆಫ್ ಆಕ್ಚುವರೀಸ್‌ಗಾಗಿ ಮಿಲ್ಲಿಮನ್ ಸಂಸ್ಥೆ 2020ರಲ್ಲಿ ಸಿದ್ಧಪಡಿಸಿದ ವರದಿಯಲ್ಲಿ, ಒಂದು ಉದ್ಯೋಗದಾತ ಸಂಸ್ಥೆಯ ನೌಕರರನ್ನು ಹೋಲಿಸಿ ನೋಡಲಾಗಿತ್ತು. ಡೈರೆಕ್ಟ್ ಪ್ರೈಮರಿ ಕೇರ್ ಆರಿಸಿಕೊಂಡವರಲ್ಲಿ ತುರ್ತು ವಿಭಾಗದ ಭೇಟಿಗಳು ಸುಮಾರು 40 ಶೇಕಡಾ ಕಡಿಮೆಯಿದ್ದವು, ಚಿಕಿತ್ಸೆಯ ಒಟ್ಟು ಬೇಡಿಕೆ ಸುಮಾರು 13 ಶೇಕಡಾ ಇಳಿದಿತ್ತು. ಆದರೆ ಕ್ಲಿನಿಕ್‌ನ ಶುಲ್ಕವನ್ನೂ ಸೇರಿಸಿ ನೋಡಿದಾಗ ಆ ಸಂಸ್ಥೆಗೆ ಖರ್ಚು ಕಡಿಮೆಯಾಗಿರಲಿಲ್ಲ. ಇದನ್ನು ಸೋಲೆಂದು ನಾನು ಓದುವುದಿಲ್ಲ. ಅಷ್ಟೇ ಹಣಕ್ಕೆ ಹೆಚ್ಚು ಸಮಯ ಕೊಡುವ ವೈದ್ಯರು ಸಿಗುವುದು, ಮಧ್ಯರಾತ್ರಿ ತುರ್ತು ವಿಭಾಗದಲ್ಲಿ ಕಾಯುವುದು ತಪ್ಪುವುದು ಲಾಭವೇ. ಹಣ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಸೇರುವವರು ನಿರಾಶರಾಗಬಹುದು ಎಂದಷ್ಟೇ ಹೇಳುತ್ತೇನೆ.

ಪ್ರಶ್ನೆ: ನಮ್ಮ ಊರಿನಲ್ಲಿ ಇಂಥ ಮೂರು ಕ್ಲಿನಿಕ್‌ಗಳಿವೆ. ಯಾವುದನ್ನು ಆರಿಸಬೇಕು, ಸೇರುವ ಮೊದಲು ಏನು ಕೇಳಬೇಕು? — ಜಾರ್ಜಿಯಾದಿಂದ ಓದುಗರೊಬ್ಬರು

ಉತ್ತರ: ಮೊದಲು ಕೇಳಬೇಕಾದದ್ದು ವೈದ್ಯರ ಪಟ್ಟಿಯಲ್ಲಿ ಈಗ ಎಷ್ಟು ಮಂದಿ ಇದ್ದಾರೆ, ಎಷ್ಟಕ್ಕೆ ನಿಲ್ಲಿಸುತ್ತಾರೆ ಎಂಬುದು. ಕಾರಣ ಸ್ಪಷ್ಟ: 600 ಮಂದಿ ತಿಂಗಳಿಗೆ 75 ಡಾಲರ್ ಕೊಟ್ಟರೆ 45,000 ಡಾಲರ್ ಬರುತ್ತದೆ; ಅದರಲ್ಲಿ ಬಾಡಿಗೆ, ನರ್ಸ್‌ನ ಸಂಬಳ, ವೈದ್ಯರ ಹೊಣೆಗಾರಿಕೆ ವಿಮೆ, ಉಪಕರಣ ಎಲ್ಲವೂ ಕಳೆಯಬೇಕು. ಖರ್ಚು ಏರಿದಾಗ ಶುಲ್ಕ ಏರಿಸುವುದಕ್ಕಿಂತ ಇನ್ನೂರು ಮುನ್ನೂರು ಮಂದಿಯನ್ನು ಹೆಚ್ಚು ಸೇರಿಸಿಕೊಳ್ಳುವುದು ಸುಲಭವಾಗಿ ಕಾಣುತ್ತದೆ, ಸಂಖ್ಯೆ 1,200 ದಾಟಿದ ಮೇಲೆ ನೀವು ಹಣ ಕೊಟ್ಟದ್ದು ಯಾವುದಕ್ಕೋ ಅದೇ ಉಳಿದಿರುವುದಿಲ್ಲ. ಮಿತಿಯನ್ನು ಹೇಳಲು ಹಿಂಜರಿಯುವ ಕ್ಲಿನಿಕ್ ನನಗೆ ಹಿಡಿಸುವುದಿಲ್ಲ.

ವೈದ್ಯರು ರಜೆಯಲ್ಲಿದ್ದಾಗ ಯಾರು ನೋಡುತ್ತಾರೆ, ರಾತ್ರಿಯ ಸಂದೇಶವನ್ನು ಓದುವವರು ಅವರೇನಾ ಎಂದು ವಿಚಾರಿಸಿ. ಒಬ್ಬರೇ ನಡೆಸುವ ಕ್ಲಿನಿಕ್‌ಗಳಲ್ಲಿ ಇದು ನಿಜವಾದ ದೌರ್ಬಲ್ಯ. ಅಕ್ಕಪಕ್ಕದ ಇಂಥದೇ ವೈದ್ಯರು ಒಬ್ಬರಿಗೊಬ್ಬರು ಒದಗುವ ಏರ್ಪಾಡು ಇದ್ದರೆ ಒಳ್ಳೆಯದು. ನಿಮ್ಮ ವಿಮೆ ಎಚ್‌ಎಂಒ ಮಾದರಿಯದಾಗಿದ್ದರೆ (ಗೊತ್ತುಪಡಿಸಿದ ವೈದ್ಯರ ಜಾಲದೊಳಗೇ ಚಿಕಿತ್ಸೆ ಪಡೆಯಬೇಕಾದದ್ದು) ಇನ್ನೊಂದು ತೊಡಕಿದೆ: ತಜ್ಞರನ್ನು ಕಾಣಲು ವಿಮೆಯ ಜಾಲದೊಳಗಿನ ವೈದ್ಯರ ಶಿಫಾರಸೇ ಬೇಕೆಂದು ಅವರು ಹಟ ಹಿಡಿಯಬಹುದು, ಆಗ ನಿಮ್ಮ ಹೊಸ ವೈದ್ಯರ ಚೀಟಿ ನಡೆಯುವುದಿಲ್ಲ. ಜಾಲದ ಹೊರಗಿನ ವೈದ್ಯರನ್ನೂ ಕಾಣಬಹುದಾದ ಪಿಪಿಒ ಮಾದರಿಯಲ್ಲಿ ಸಾಮಾನ್ಯವಾಗಿ ಈ ತೊಂದರೆ ಬರುವುದಿಲ್ಲ. ಯಾವುದಕ್ಕೂ ವಿಮಾ ಕಂಪನಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರೆ ಅವಸರಪಡಬೇಡಿ. ಮೊದಲ ಕೆಲವು ತಿಂಗಳು ತಿಂಗಳಿಗೊಮ್ಮೆಯೇ ಕಟ್ಟಿ. ಈ ಕ್ಷೇತ್ರದಲ್ಲಿ ಬಹಳ ಹೆಸರು ಮಾಡಿದ್ದ ಸಿಯಾಟಲ್‌ನ ಕ್ಲಿಯಾನ್ಸ್ ಸಂಸ್ಥೆಯೇ 2017ರಲ್ಲಿ ಬಾಗಿಲು ಮುಚ್ಚಿತು. ಸದಸ್ಯತ್ವ ಬಿಡಲು ಎಷ್ಟು ದಿನ ಮೊದಲು ತಿಳಿಸಬೇಕು, ಬಿಟ್ಟವರು ಮರಳಿ ಸೇರಲು ದಂಡವಿದೆಯೇ ಎಂಬುದು ಒಪ್ಪಂದಪತ್ರದಲ್ಲಿ ಬರೆದಿರಬೇಕು. ಪ್ರತಿ ವರ್ಷ ನಿಮ್ಮ ಪರೀಕ್ಷಾ ವರದಿಗಳ, ಲಸಿಕೆಗಳ, ಔಷಧಿಪಟ್ಟಿಯ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಿ. ವೈದ್ಯರು ನಿವೃತ್ತರಾದರೂ, ನೀವು ಊರು ಬದಲಾಯಿಸಿದರೂ ಮುಂದಿನವರು ಅಲ್ಲಿಂದಲೇ ಆರಂಭಿಸಬಹುದು.